ಊರ ಮೇಲೆ ಕೂತ ಕೋಳಿ

ಈ ಬೇಸಿಗೆಯಲ್ಲಿ ಟೆಕ್ಸಾಸಿನ ಡ್ರೈ ಫೋರ್ಕ್ ಊರಿಗೆ ಊರೇ ಕಾರಿನ ಗಾಜು ಏರಿಸಿಕೊಂಡು ಗಡಗಡ ನಡುಗಬೇಕು ಎಂದು ಆರಿನ್ ಟ್ಯಾಕೆಟ್ ಪಣ ತೊಟ್ಟ. ಬಯಲಲ್ಲಿ ಕಾರೊಳಗೇ ಕೂತು ಸಿನಿಮಾ ನೋಡುವ ಊರಾಚೆಯ ಡ್ರೈವ್-ಇನ್ ಚಿತ್ರಮಂದಿರ ಅವನದು. ದೈತ್ಯ ಜೇಡ, ದೈತ್ಯ ಏಡಿ, ದೈತ್ಯ ಮಿಡತೆಗಳ ಅಗ್ಗದ ಚಿತ್ರಗಳನ್ನು ತೋರಿಸಿ ತೋರಿಸಿ, ಇಷ್ಟೇ ತಾನೇ, ನಾನೂ ಮಾಡಬಲ್ಲೆ ಎಂಬ ಹುಳ ತಲೆಗೆ ಹೊಕ್ಕಿತ್ತು. ಹೆದ್ದಾರಿ ಪಕ್ಕದ ಸಿನಿಮಾ ಫಲಕದಲ್ಲಿ ಇಷ್ಟು ದಿನ ಬಿಡಿ ಅಕ್ಷರಗಳಿಂದ ಯಾರ್ಯಾರದೋ ಹೆಸರು ಜೋಡಿಸಿದ್ದಾಯಿತು. ಈ ಸಲ ತನ್ನದೇ ಹೆಸರು, ದಪ್ಪ ದಪ್ಪ ಅಕ್ಷರಗಳಲ್ಲಿ!

ದೈತ್ಯ ಪ್ರಾಣಿಗಾಗಿ ದೂರ ಹೋಗಬೇಕಿರಲಿಲ್ಲ. ಹೆಂಡತಿ ಲಿಯೋಟಾ ಸಾಕಿದ ಕೆಂಪು ಕೋಳಿ ಪರ್ಲ್ ಹಿತ್ತಲಲ್ಲೇ ಇತ್ತು.

“ಅದು ಕಾವಿಗೆ ಕೂರೋಕೆ ಜಾಗ ಹುಡುಕ್ತಿದೆ, ಆರಿನ್. ಅದರ ತಂಟೆಗೆ ಹೋಗಬೇಡ.”

“ಒಂದೇ ಒಂದು ಮಧ್ಯಾಹ್ನ ಕೊಡು. ನಿನ್ನ ಕೋಳಿ ಊರನ್ನೇ ಧ್ವಂಸ ಮಾಡುತ್ತೆ ನೋಡು.”

“ಅದಾ? ಎರೆಹುಳ ಸ್ವಲ್ಪ ದಪ್ಪ ಇದ್ರೆ ಹಿಂದೆ ಸರಿಯೋ ಪ್ರಾಣಿ ಅದು.”

ಕಾರು ನಿಲ್ಲಿಸುವ ಶೆಡ್ಡಿನ ಮೇಜಿನ ಮೇಲೆ ಪಾಪ್‌ಕಾರ್ನ್ ಡಬ್ಬಿಗಳ ಡ್ರೈ ಫೋರ್ಕ್ ಎದ್ದು ನಿಂತಿತು. ಚರ್ಚು, ಬ್ಯಾಂಕು, ನೀರಿನ ಟ್ಯಾಂಕು ಯಾವುದೂ ಬಾಕಿಯಿಲ್ಲ. ಗಾಳಿಗೆ ಹಾರದಿರಲೆಂದು ಮಹಾಶಯ ಒಳಗೆಲ್ಲ ಒಣಹುಲ್ಲು ತುಂಬಿದ್ದ. ಪರ್ಲ್ ಊರೊಳಗೆ ಕಾಲಿಟ್ಟಿತು, ಚರ್ಚಿನ ಚಾವಣಿ ಮುರಿಯಿತು, ಹುಲ್ಲು ಕಂಡಿತು, ಕೂತೇಬಿಟ್ಟಿತು.

ಕಾಳು ಎರಚಿದರೂ ಏಳಲಿಲ್ಲ, ತಗಡು ಬಡಿದರೂ ಏಳಲಿಲ್ಲ. ಆರಿನ್ ಮೇಜಿಗೆ ತೂತು ಕೊರೆದ, ಕ್ಯಾಮೆರಾಕ್ಕೆ ಕೀಲಿ ಕೊಟ್ಟು ತಾನೇ ಓಡಲು ಬಿಟ್ಟು ಮೇಜಿನಡಿ ನುಸುಳಿ ಪೊರಕೆ ಕೋಲಿನಿಂದ ತಿವಿಯತೊಡಗಿದ. ಇದ್ದಕ್ಕಿದ್ದಂತೆ ಯಾರೋ ಕೋಲನ್ನು ಮೇಲಕ್ಕೆ ಕಿತ್ತುಕೊಂಡ ಹಾಗಾಯಿತು. ಕೋಳಿಗೆ ಎಂಥಾ ರೋಷ ಎಂದು ಹಿಗ್ಗಿದ.

ತೊಳೆದು ಚಿತ್ರ ಮೂಡಿಸಲು ಪಟ್ಟಣಕ್ಕೆ ಕಳಿಸಿದ್ದ ರೀಲು ಬಂದದ್ದು ಶನಿವಾರ ಸಂಜೆ, ಕಾರುಗಳು ಸಾಲುಗಟ್ಟಿದ ಮೇಲೆ. ನೋಡಲು ಪುರುಸೊತ್ತೆಲ್ಲಿ? ನೇರ ಯಂತ್ರಕ್ಕೇ ಏರಿಸಿದ.

ಪರದೆಯ ಮೇಲೆ ದೈತ್ಯ ಕೋಳಿ ಚರ್ಚಿನ ಮೇಲೆ ಕೂತಿತು. ಕೂತೇ ಇತ್ತು. “ಓಡಿ, ಓಡಿ!” ಎಂದು ಕಾರುಗಳ ಸ್ಪೀಕರುಗಳಲ್ಲಿ, ಯಂತ್ರದ ಪಕ್ಕ ಮೈಕು ಹಿಡಿದು ನಿಂತ ಆರಿನ್‌ನ ದನಿ ಅರಚಿತು. ಕೋಳಿ ಕಣ್ಣು ಮುಚ್ಚಿತು. ಬೇಸತ್ತ ಯಾರೋ ಹಾರನ್ ಒತ್ತಿದರು. ಆರಿನ್‌ಗೆ ಅಳುವೇ ಬಂತು.

ಆಗ ನೆಲದಿಂದ ಪೊರಕೆ ಕೋಲು ಮೂಡಿತು. ಅದರ ಹಿಂದೆಯೇ ಆಕಾಶದಿಂದ, ಬ್ಯಾಂಕಿಗಿಂತ ದೊಡ್ಡದಾದ ಒಂದು ಕೈ ಇಳಿಯಿತು! ಹಿಟ್ಟು ಮೆತ್ತಿದ, ಮದುವೆಯುಂಗುರ ತೊಟ್ಟ ಕೈ. ಅದು ಕೋಲನ್ನು ಕಿತ್ತೆಸೆಯಿತು, ಊರ ನಡುವೆ ನೀರಿನ ತಟ್ಟೆ ಇಟ್ಟಿತು, ಒಂದೇ ಬೆರಳಿನಿಂದ ಕೋಳಿಯ ತಲೆ ಸವರಿತು.

ಪರದೆಯ ಕೆಳಗೆ ಉಯ್ಯಾಲೆಯಾಡುತ್ತಿದ್ದ ಮಕ್ಕಳು ಕಿಟಾರನೆ ಕಿರುಚಿ ಕಾರುಗಳಿಗೆ ಓಡಿದರು. ಪಟಪಟನೆ ಗಾಜುಗಳು ಏರಿದವು. ಮರುಗಳಿಗೆ ಎಲ್ಲ ಹಾರನ್ನುಗಳೂ ಒಟ್ಟಿಗೆ ಮೊಳಗಿದವು. ಕೈಯನ್ನು ಇನ್ನೊಮ್ಮೆ ತೋರಿಸಬೇಕಂತೆ!

ಆರಿನ್ ಹೆಂಡತಿ ಪಾಪ್‌ಕಾರ್ನ್ ಮಾರುತ್ತಿದ್ದ ಕಟ್ಟೆಗೆ ಓಡಿದ. “ನೀನಾ?”

“ಕೋಳಿಗೆ ನೀರಿಡೋಕೆ ಬಂದಿದ್ದೆ” ಎಂದಳು ಲಿಯೋಟಾ. ಅವನ ಮುಖ ನೋಡಿ ಮೆತ್ತಗಾದಳು. “ಗಾಜು ಏರಿಸಿದ್ರಲ್ಲ, ಆರಿನ್. ನೀನು ಅಂದ ಹಾಗೇ ಆಯ್ತು.”

ಆ ಮಾತಿಗೆ ಅವನ ಎದೆ ಮತ್ತೆ ಉಬ್ಬಿತು. ಬೆಳಿಗ್ಗೆ ಎದ್ದವನೇ ತನ್ನ ಹೆಸರು ಜೋಡಿಸಲು ಹೆದ್ದಾರಿಗೆ ಹೋದ. ಲಿಯೋಟಾ ಆಗಲೇ ಏಣಿ ಹತ್ತಿದ್ದಳು. ಫಲಕ ತುಂಬಿಹೋಗಿತ್ತು: ಲಿಯೋಟಾಳ ದೈತ್ಯ ಕೈ. ಜೊತೆಗೆ ಪರ್ಲ್.

“ನನ್ನ ಹೆಸರು?”

“ಅಕ್ಷರ ಸಾಕಾಗ್ಲಿಲ್ಲ. ಏಣಿ ಅಲ್ಲಾಡ್ತಿದೆ, ಸ್ವಲ್ಪ ಗಟ್ಟಿಯಾಗಿ ಹಿಡ್ಕೋ.”

ನಿರ್ದೇಶಕರು ಏಣಿ ಹಿಡಿದುಕೊಂಡರು.