ಹೋಯಾ ಬಳ್ಳಿಗೆ ಹೊತ್ತ ಹರಕೆ

ನಮ್ಮ ಮನೆಯಲ್ಲಿ ನನಗೆಂದು ಇದ್ದದ್ದು ಒಂದು ಕಿಟಕಿ. ನರಸಿಂಹರಾಜಪುರದ ಪೇಟೆಬೀದಿಯ ಈ ಬಾಡಿಗೆ ಮನೆಗೆ ಪೂರ್ವದ ಕಡೆ ಇರುವುದೂ ಅದೊಂದೇ. ಬೆಳಗ್ಗೆ ಅದರ ಪಕ್ಕ ಕುರ್ಚಿ ಹಾಕಿಕೊಂಡು, ಎಲೆ ಅಡಿಕೆ ತಟ್ಟೆ ತೊಡೆಯ ಮೇಲಿಟ್ಟು, ಕರೆಂಟಿನ ಹಂಗಿಲ್ಲದೆ ಪೇಪರ್ ಓದುತ್ತ, ಆಗಾಗ ಸರಳಿನಾಚೆಗೆ ಉಗಿಯುವುದು (ಯಾರೂ ಓಡಾಡದ ಕಡೆಗೆ ಎಂದು ತಿಳಿಯಬೇಕು), ಇಷ್ಟೇ ನನ್ನ ಸಾಮ್ರಾಜ್ಯ. ಅದನ್ನು ಒಂದು ಬಳ್ಳಿ ಕಸಿದುಕೊಂಡಿತು.

ಬಳ್ಳಿಯ ಹೆಸರು ಹೋಯಾ. ಕೊಪ್ಪದಲ್ಲಿರುವ ನಾದಿನಿ ದೇವಕಿ ಒಂದು ತುಂಡು ಕೊಟ್ಟು, ಮೇಣದಲ್ಲಿ ಎರಕ ಹೊಯ್ದಂಥ ನಕ್ಷತ್ರದ ಹೂ ಗೊಂಚಲು ಗೊಂಚಲಾಗಿ ಬಿಡುತ್ತದೆ, ಸಂಜೆಯಾದರೆ ಮನೆಯೆಲ್ಲ ಘಮ್ಮೆನ್ನುತ್ತದೆ ಎಂದು ಹೇಳಿ ಕಳಿಸಿದ್ದಳು. ನನ್ನ ಹೆಂಡತಿ ಗೋದಾವರಿ ಅದನ್ನು ತಂದವಳೇ ನನ್ನ ಕುರ್ಚಿಯನ್ನು ನಡುಮನೆಯ ಕತ್ತಲೆಗೆ ಸಾಗಿಸಿ, ಕಿಟಕಿಗೆ ಕುಂಡ ತೂಗುಹಾಕಿದಳು.

“ಅಲ್ಲ ಮಾರಾಯ್ತಿ, ನಾನೆಲ್ಲಿ ಕೂರ್ಲಿ?”

“ನಿಮಗೆ ಎಲ್ಲಿ ಕೂತ್ರೂ ಆಗುತ್ತೆ. ಅದಕ್ಕೆ ಬೆಳಗಿನ ಬಿಸಿಲೇ ಆಗ್ಬೇಕು.”

“ಎಲ್ಲಿ ತನಕ?”

“ಒಂದ್ಸಲ ಹೂ ಬಿಡ್ಲಿ. ಆಮೇಲೆ ಜಗುಲಿಗೆ ಹಾಕ್ತೀನಿ, ಕಿಟಕಿ ನಿಮಗೇ.”

ಹೂ ಬಿಡಬೇಕಲ್ಲ. ವರ್ಷ ಕಳೆಯಿತು, ಇನ್ನೊಂದೂ ಕಳೆಯಿತು. ಬಳ್ಳಿ ಸರಳನ್ನೆಲ್ಲ ಸುತ್ತಿಕೊಂಡು ಸುಖವಾಗಿತ್ತು. ಅದರ ಉಪಚಾರ ಮಾತ್ರ ನನ್ನ ಪಾಲಿಗೆ ಬಂತು. ಎಲೆಯ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಮಣ್ಣು ಒಣಗುವ ಮುಂಚೆ ನೀರು ಹಾಕಬಾರದು. ದೊಡ್ಡ ಕುಂಡ ತರಲೇ ಎಂದರೆ ಅದೂ ಕೂಡದು. ಬೇರು ಇಕ್ಕಟ್ಟಿನಲ್ಲಿದ್ದರೇ ಹೂವಂತೆ. (ಮದುವೆಯಾದಾಗಿನಿಂದ ನಾನೂ ಇಕ್ಕಟ್ಟಿನಲ್ಲೇ ಇದ್ದೇನೆ, ನನ್ನಲ್ಲಿ ಏನೂ ಅರಳಿಲ್ಲ.) ಬಚ್ಚಲ ಬಾಗಿಲ ಬೆಳಕಿನಲ್ಲಿ ನಿಂತು ಪೇಪರ್ ಓದುವುದನ್ನೂ ಉಗಿಯಲು ಹಿತ್ತಲಿಗೆ ಓಡುವುದನ್ನೂ ನಾನು ರೂಢಿಸಿಕೊಂಡೆ. ನನ್ನ ಸೊಂಟ ರೂಢಿಸಿಕೊಳ್ಳಲಿಲ್ಲ.

ಕೊನೆಗೆ ಸಾಕಾಗಿ, ಒಂದು ಬೆಳಗ್ಗೆ ಲಿಂಗಪೂಜೆ ಮುಗಿಸಿದವನು ಮನೆದೇವರು ವೀರಭದ್ರನ ಪಟದ ಮುಂದೆ ನಿಂತು ಹರಕೆ ಹೊತ್ತೆ. “ಸ್ವಾಮಿ, ಇದೊಂದು ಹೂ ಬಿಡ್ಲಿ. ಮೊದಲನೇ ಗೊಂಚಲು ನಿನಗೇ ಏರಿಸ್ತೀನಿ.” ಗೋದಾವರಿಗೆ ಹೇಳಲಿಲ್ಲ. ದೇವರ ಹತ್ತಿರವಾದರೂ ನನ್ನದೊಂದು ಖಾಸಗಿ ವ್ಯವಹಾರ ಇರಲಿ ಎನಿಸಿತ್ತು.

ದೇವರು ಮಾತಿಗೆ ತಪ್ಪಲಿಲ್ಲ. ಬೇಸಿಗೆಯ ಹೊತ್ತಿಗೆ ಬಳ್ಳಿಯಿಂದ ಒಂದು ತೊಟ್ಟು ಇಳಿಬಿದ್ದು, ತುದಿಯಲ್ಲಿ ಮೊಗ್ಗು ಕಟ್ಟಿತು. ಅಲುಗಿದರೆ ಉದುರುತ್ತವೆಂದು ಗೋದಾವರಿ ನನಗೆ ಅದರ ಹತ್ತಿರ ಕೆಮ್ಮಲೂ ಬಿಡಲಿಲ್ಲ. ಅರಳಿದ ಸಂಜೆ ಮನೆ ನಿಜಕ್ಕೂ ಘಮಘಮಿಸಿತು. ಅವಳು ಸಂಭ್ರಮದಿಂದ ಫೋನಿನ ಮುಂದೆ ಕೂತು, ಮಹಿಳಾ ಸಮಾಜದವರನ್ನೆಲ್ಲ ಮರುದಿನ ಸಂಜೆ ಹೂ ನೋಡಲು ಕರೆದಳು.

ನನಗೆ ಸಂಕಟ ಶುರುವಾಯಿತು. ಇರುವುದು ಒಂದೇ ಗೊಂಚಲು. ಊರವರೆಲ್ಲ ನೋಡಿ ಮೂಸಿದ ಮೇಲೆ ದೇವರಿಗೆ ಕೊಡುವುದು ಹೇಗೆ? ಅದರಲ್ಲೂ ವೀರಭದ್ರನನ್ನು ಕಾಯಿಸುವುದು ಕ್ಷೇಮವಲ್ಲ. ಬೆಳಗ್ಗೆ ಅವಳು ಕೇಸರಿಬಾತಿಗೆ ರವೆ ತರಲು ಹೋದ ಹೊತ್ತಿಗೆ ಸ್ನಾನ ಮಾಡಿ, ಮಡಿಯುಟ್ಟು, ಗೊಂಚಲನ್ನು ಬುಡದಿಂದ ಮುರಿದು ಪಟಕ್ಕೆ ಏರಿಸಿದೆ.

ಅವಳು ಬಂದು ಕಿಟಕಿ ನೋಡಿದಳು. ನಾನು ಹರಕೆಯ ವಿಷಯ ಒಪ್ಪಿಸಿದೆ. ದೇವರಿಗೆ ಕೊಟ್ಟದ್ದಕ್ಕೆ ಬೈಯುವ ಹಾಗಿಲ್ಲ ಎಂಬ ಧೈರ್ಯವಿತ್ತು.

“ತೊಟ್ಟು ಸಮೇತ ಕಿತ್ರಾ?”

“ಪಟಕ್ಕೆ ಸಿಗಿಸ್ಬೇಕಲ್ಲ.”

ಅವಳು ರವೆ ಚೀಲ ಹಿಡಿದೇ ಕುರ್ಚಿಗೆ ಕುಸಿದಳು. ಹೋಯಾ ವರ್ಷವರ್ಷವೂ ಅದೇ ತೊಟ್ಟಿನ ತುದಿಯಲ್ಲಿ ಹೂ ಬಿಡುವುದಂತೆ. ಅದು ಹೋದರೆ ಹೊಸ ತೊಟ್ಟು ಬರುವವರೆಗೆ ಕಾಯಬೇಕಂತೆ. ಅವಳ ಕಣ್ಣಲ್ಲಿ ನೀರು ಕಂಡು ನನಗೆ ನಿಜವಾಗಿಯೂ ಕೆಡುಕೆನಿಸಿತು.

“ಆದ್ರೂ ಒಂದ್ಸಲ ಬಿಟ್ಟಾಯ್ತಲ್ಲ, ಕಿಟಕಿ…” ಎಂದೆ, ಹೇಳಬಾರದ ಹೊತ್ತಿನಲ್ಲಿ.

“ನನ್ನ ಕಣ್ಣು ತುಂಬ್ಲಿಲ್ಲ. ಅದು ಲೆಕ್ಕಕ್ಕಿಲ್ಲ.”

ಸಂಜೆ ಸಮಾಜದವರು ಬಂದು, ಕಿಟಕಿಯ ಬದಲು ದೇವರ ಕೋಣೆಗೆ ಇಣುಕಿ, ಕೇಸರಿಬಾತ್ ತಿಂದರು. ಅಧ್ಯಕ್ಷೆ ಶಂಕರಮ್ಮ ಮಾತ್ರ ನನ್ನನ್ನು ಹೊಗಳಿದರು.

“ಎಂಥ ಭಕ್ತಿ ಮಾರಾಯ್ರೆ ನಿಮ್ದು. ಹರಕೆ ಹೊತ್ತು ಹೂ ಬಿಡಿಸೋದು ಅಂದ್ರೆ ಹುಡುಗಾಟನಾ?”

ನಾನು ಉಬ್ಬಿದೆ. ತಟ್ಟೆ ಎತ್ತುತ್ತಿದ್ದ ಗೋದಾವರಿ ಒಂದು ಕ್ಷಣ ನಿಂತಳು. ಆಮೇಲೆ ಕೈ ತೊಳೆದು ದೇವರ ಕೋಣೆಗೆ ಹೋದವಳು ತುಂಬ ಹೊತ್ತು ಬರಲಿಲ್ಲ. ಎಲ್ಲರೂ ಹೋದ ಮೇಲೆ ಏನು ಬೇಡಿಕೊಂಡೆ ಎಂದು ಕೇಳಿದೆ.

“ನಾನೂ ಒಂದು ಹರಕೆ ಹೊತ್ಕೊಂಡೆ. ಅದು ಮತ್ತೆ ಹೂ ಬಿಟ್ರೆ, ಅವತ್ತಿಂದ ನೀವು ಎಲೆ ಅಡಿಕೆ ಮುಟ್ಟೋದಿಲ್ಲ ಅಂತ.”

“ನನ್ನ ಬಾಯಿಗೆ ನಿನ್ನ ಹರಕೆನಾ?”

“ನನ್ನ ಹೂವಿಗೆ ನಿಮ್ಮ ಹರಕೆ ಆಗ್ಲಿಲ್ವಾ?”

ಮೊನ್ನೆ ಎಲೆ ಒರೆಸುವಾಗ ನೋಡಿದೆ, ಬಳ್ಳಿಯಲ್ಲಿ ಹೊಸ ತೊಟ್ಟೊಂದು ಮೂಡಿದೆ. ಅದು ಅರಳಿದರೆ ಕಿಟಕಿ ನನ್ನದು, ಆದರೆ ಅಲ್ಲಿ ಕೂತು ಬರಿಬಾಯಿ ಆಡಿಸಬೇಕು. ಉದುರಿದರೆ ಅಡಿಕೆ ಉಂಟು, ಬಚ್ಚಲ ಬಾಗಿಲೇ ಗತಿ. ದಿನಾ ಬೆಳಗ್ಗೆ ವೀರಭದ್ರನ ಮುಂದೆ ಕೈಮುಗಿದು ನಿಲ್ಲುತ್ತೇನೆ. ಏನು ಬೇಡಬೇಕೆಂದು ತೋಚದೆ ಸುಮ್ಮನೆ ಬಂದುಬಿಡುತ್ತೇನೆ.