ಉಪ್ಪಿನ ಖಾತೆ ಮಾತ್ರ ಕೇಳಬೇಡಿ

ನಮ್ಮತ್ತೆಯನ್ನು ಯಾವುದಾದರೂ ದೇಶದ ಪ್ರಧಾನಿ ಮಾಡಿದ್ದರೆ ಆ ದೇಶ ಖಂಡಿತ ಉದ್ಧಾರವಾಗುತ್ತಿತ್ತು. ರಸ್ತೆ ಆಗುತ್ತಿತ್ತು, ನಲ್ಲಿಯಲ್ಲಿ ನೀರು ಬರುತ್ತಿತ್ತು, ಬಸ್ಸುಗಳು ಹೇಳಿದ ಹೊತ್ತಿಗೆ ಹೊರಡುತ್ತಿದ್ದವು. ಒಂದೇ ತೊಂದರೆ. ಪ್ರಧಾನಿ ಊರಲ್ಲಿಲ್ಲದ ದಿನ ಇಡೀ ದೇಶ ಸಪ್ಪೆ ಸಾರು ಉಣ್ಣಬೇಕಾಗುತ್ತಿತ್ತು!

ನಮ್ಮತ್ತೆ ಅಂದರೆ ನಮ್ಮಪ್ಪನ ಅಕ್ಕ. ಕೊಟ್ಟೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರದೊಂದು ಖಾನಾವಳಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಅನ್ನ, ಸಾರು. ಇಷ್ಟು ವರ್ಷವಾದರೂ ಬೋರ್ಡು ಮಾತ್ರ ಇಲ್ಲ. ಕೇಳಿದರೆ, "ಬೋರ್ಡ್ ಯಾಕಬೇಕು? ಹಸದಾಂವಗ ವಾಸನಿ ಸಾಕು" ಅನ್ನುತ್ತಾರೆ. ಕೂಡ್ಲಿಗಿ ಬಸ್ಸಿನ ಕಂಡಕ್ಟರ್, ಹರಪನಹಳ್ಳಿಯಿಂದ ಬರುವ ಬಟ್ಟೆ ವ್ಯಾಪಾರಿ, ಕಾಲೇಜಿನ ಮೇಷ್ಟ್ರುಗಳು, ಎಲ್ಲರೂ ಮೂಗಿನ ಬೆನ್ನು ಹತ್ತಿಯೇ ಅಲ್ಲಿಗೆ ಬಂದವರು.

ಮೊದಲು ಅಲ್ಲಿ ಅತ್ತೆಯ ಏಕಚಕ್ರಾಧಿಪತ್ಯ ಇತ್ತು. ಅದನ್ನು ಕೆಡಿಸಿದವಳು ನಾನು. ಹಗರಿಬೊಮ್ಮನಹಳ್ಳಿಯಲ್ಲಿ ಹೈಸ್ಕೂಲ್ ಟೀಚರಾಗಿರುವ ನನ್ನನ್ನು ಒಮ್ಮೆ ನಾಯಕತ್ವದ ತರಬೇತಿಗೆ ಕಳಿಸಿದ್ದರು. ಒಂದು ಚೀಲ, ಒಂದು ಪೆನ್ನು, ಮೇಲಿಂದ ಮೇಲೆ ಚಹಾ ಕೊಟ್ಟು, ನಿಜವಾದ ನಾಯಕ ಅಧಿಕಾರವನ್ನು ಹಂಚಿಕೊಳ್ಳುತ್ತಾನೆ ಎಂದು ಹೇಳಿ ಕಳಿಸಿದರು. ಕಲಿತ ಮೇಲೆ ಯಾರ ಮೇಲಾದರೂ ಪ್ರಯೋಗ ಮಾಡಬೇಕಲ್ಲ? ಶಾಲೆಯಲ್ಲಿ ಹೆಡ್‌ಮಾಸ್ತರು ನನ್ನ ಮಾತು ಕೇಳುವುದಿಲ್ಲ, ಮನೆಯಲ್ಲಿ ಗಂಡ ಕೇಳಿಸಿಕೊಂಡರೂ ಕೇಳುವುದಿಲ್ಲ. ಉಳಿದವರು ಅತ್ತೆ. ಭಾನುವಾರ ಬಸ್ಸು ಹತ್ತಿದೆ.

"ಅತ್ತೀ, ಎಲ್ಲಾ ನೀನ ಮಾಡ್ತಿ. ಹಿಂಗಾದ್ರ ಸೊರಗಿ ಹೋಗ್ತಿ ನೋಡು. ಅಧಿಕಾರ ಹಂಚಬೇಕು."

"ಹಂಚಿದ್ರ ಏನಾಕ್ಕತಿ?"

"ಇದು ನಮ್ದು ಅಂತ ಎಲ್ಲಾರೂ ಜೀವ ಇಟ್ಟು ಮಾಡ್ತಾರ."

"ಮತ್ತ ನಾ ಏನ್ ಮಾಡ್ಲಿ?"

"ನೀ ಆರಾಮ ಕುಂದ್ರು."

ಅತ್ತೆ ನನ್ನನ್ನು ತಳ ಹತ್ತಿದ ಅನ್ನವನ್ನು ನೋಡಿದ ಹಾಗೆ ನೋಡಿ ಒಳಗೆ ಹೋದರು. ನನ್ನ ತರಬೇತಿ ಮಣ್ಣುಪಾಲಾಯಿತು ಅಂದುಕೊಂಡೆ. ಆದರೆ ಮರುದಿನ ಬೆಳಿಗ್ಗೆ ಖಾನಾವಳಿಯಲ್ಲಿ ಎಲ್ಲರಿಗೂ ಬೆಲ್ಲದ ಚೂರು ಹಂಚಿ ಖಾತೆ ಹಂಚಿಕೆ ಮಾಡಿಯೇಬಿಟ್ಟರಂತೆ! ರೊಟ್ಟಿ ಬಡಿಯುವ ಹನುಮಕ್ಕನಿಗೆ ರೊಟ್ಟಿ ಖಾತೆ. ಒಲೆಯ ಮುಂದಿರುವ ಕೊಟ್ರಮ್ಮನಿಗೆ ಪಲ್ಯ ಮತ್ತು ಸಾರಿನ ಖಾತೆ. ಗಲ್ಲಾದ ಮೇಲೆ ಕೂಡುವ ನಮ್ಮ ಮಾವನಿಗೆ, ಅಂದರೆ ಅತ್ತೆಯ ಗಂಡನಿಗೆ, ಏನೂ ಇಲ್ಲ. ಅವರು ಖಾತೆ ರಹಿತ ಮಂತ್ರಿ. ಬಹಳ ಬೇಡಿಕೊಂಡ ಮೇಲೆ ಫ್ಯಾನಿನ ಸ್ವಿಚ್ಚು ಕೊಟ್ಟರಂತೆ.

"ಮತ್ತ ಉಪ್ಪು ಯಾರಿಗ್ರಿ ಅಮ್ಮಾರ?" ಎಂದು ಕೊಟ್ರಮ್ಮ ಕೇಳಿದ್ದಾಳೆ.

"ಉಪ್ಪು ನನ್ ಹಂತ್ಯಾಕ ಇರ್ತೈತಿ. ಅದನ್ನ ಯಾರೂ ಕೇಳಬ್ಯಾಡ್ರಿ."

ಮಾವ ಫ್ಯಾನಿನ ಕೆಳಗೆ ಕೂತು ನನಗೆ ಇದನ್ನು ವರದಿ ಮಾಡುತ್ತಾ ಕಣ್ಣು ಮಿಟುಕಿಸಿದರು. "ಹಣಕಾಸು ಖಾತಿ ಯಾವ ಮುಖ್ಯಮಂತ್ರಿ ಬಿಟ್ಟು ಕೊಟ್ಟಾನ ಹೇಳವಾ?"

ಅತ್ತೆ ಉಪ್ಪು ಹಾಕುವುದನ್ನು ನೀವು ನೋಡಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಲೆಯ ಹತ್ತಿರ ಬಂದರೆ ಉಳಿದವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಕಣ್ಣು ಮುಚ್ಚಿ ಹಬೆಯ ವಾಸನೆ ತೆಗೆದುಕೊಳ್ಳುತ್ತಾರೆ. ಡಬ್ಬಿಗೆ ಕೈ ಹಾಕಿ ಹಿಡಿ ತುಂಬ ಉಪ್ಪು ತೆಗೆದು ಮೇಲಿನಿಂದ ಉದುರಿಸುತ್ತಾರೆ. ಅಂಗೈ ಮೇಲೆ ಒಂದು ಹನಿ ಸಾರು ಬಿಟ್ಟುಕೊಂಡು ನೆಕ್ಕಿ "ಹ್ಞಾಂ" ಅನ್ನುತ್ತಾರೆ. ಆ "ಹ್ಞಾಂ" ಬರುವವರೆಗೆ ಒಂದು ಸೌಟು ಸಾರು ಹೊರಗೆ ಹೋಗುವಂತಿಲ್ಲ. ಉಣ್ಣಲು ಕೂತವರು ತಹಶೀಲ್ದಾರರಾದರೂ ಸರಿ, ಕಾಯಬೇಕು!

ಇತ್ತ ಹೊಸ ಮಂತ್ರಿಗಳಿಗೆ ಅಧಿಕಾರದ ಅಮಲು ಏರಿತು. ಕೂಡ್ಲಿಗಿ ಬಸ್ಸಿನ ಕಂಡಕ್ಟರ್ ಒಂದು ದಿನ ಇನ್ನೊಂದು ರೊಟ್ಟಿ ಕೇಳಿದ. ಹನುಮಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಅವನ ಹೊಟ್ಟೆಯನ್ನೊಮ್ಮೆ ನೋಡಿದಳು.

"ಸಾಕು, ಏಳ್ರಿ. ಡ್ಯೂಟಿ ಮ್ಯಾಲ ನಿದ್ದಿ ಬರ್ತೈತಿ."

ಪಾಪ, ಅವನು ಅತ್ತೆಯ ಹತ್ತಿರ ದೂರು ಒಯ್ದ. ಅತ್ತೆ ಕೈ ಚೆಲ್ಲಿದರು. "ರೊಟ್ಟಿ ಖಾತಿ ಆಕೀದಪ್ಪ. ನಾ ನಡುವ ಬಾಯಿ ಹಾಕಂಗಿಲ್ಲ." ಬಸ್ಸಿನಲ್ಲಿ ಗುಡುಗುವ ಆ ಮನುಷ್ಯ ಮರುದಿನದಿಂದ ಹನುಮಕ್ಕನ ಮುಂದೆ ಮಾತ್ರ, "ಇನ್ನೊಂದಕ್ಕ ಅಪ್ಪಣೆ ಐತೇನ್ರಿ?" ಎಂದು ತಗ್ಗಿದ ದನಿಯಲ್ಲಿ ಕೇಳತೊಡಗಿದ.

ಕೊಟ್ರಮ್ಮನದು ಇನ್ನೂ ದೊಡ್ಡ ಪ್ರತಾಪ. ಸಂತೆಯಲ್ಲಿ ತರಕಾರಿಯವನು ಏನೋ ಅಂದನೆಂದು ಬದನೆಕಾಯಿಯನ್ನೇ ಬಹಿಷ್ಕರಿಸಿದಳು. ಹರಪನಹಳ್ಳಿಯ ಬಟ್ಟೆ ವ್ಯಾಪಾರಿ ಎಣ್ಣೆಗಾಯಿ ಆಸೆಗೆ ಅಷ್ಟು ದೂರದಿಂದ ಬಂದರೆ ತಟ್ಟೆಯಲ್ಲಿ ಬರೀ ಸೌತೆಕಾಯಿ! ಅವರು ಮುಖ ಊದಿಸಿಕೊಂಡಾಗ ಮಾವ ಗಂಭೀರವಾಗಿ ಹೇಳಿದರು: "ಮಾತುಕತಿ ನಡದೈತ್ರಿ. ಮುಂದಿನ ವಾರ ಬದನಿಕಾಯಿ ಸಂಬಂಧ ಸುಧಾರಿಸಬಹುದು."

ಅಂತೂ ಸರಕಾರ ನಡೆಯಿತು. ಬಿಕ್ಕಟ್ಟು ಬಂದಿದ್ದು ಅತ್ತೆ ಒಂದು ದಿನ ಮನೆದೇವರಿಗೆಂದು ಉಚ್ಚಂಗಿದುರ್ಗಕ್ಕೆ ಹೋದಾಗ. ಹೋಗುವಾಗ ಉಪ್ಪಿನ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ? ಅದು ಅವರ ಸೊಂಟದಲ್ಲಿ ದೇವಿಯ ದರ್ಶನಕ್ಕೆ ಹೊರಟಿತ್ತು. ದಾರಿಯಲ್ಲಿ ಅದು ನೆನಪಾಗಿ ಫೋನು ಮಾಡಿದರು.

"ಕೊಟ್ರಮ್ಮ, ಅಂಗಡಿಯಿಂದ ಉಪ್ಪು ತರಸು. ಆದ್ರ ನಾ ಹೇಳೂಮಟ ಹಾಕಬ್ಯಾಡ. ಫೋನ್ ಸಾರಿನ ಹಂತ್ಯಾಕ ಹಿಡಿ, ಕುದಿಯೋ ಸಪ್ಪಳ ಕೇಳ್ತೀನಿ."

ಕೊಟ್ರಮ್ಮ ಫೋನು ಹಿಡಿದಳು. ಸಾರು ತನ್ನ ಕೈಲಾದಷ್ಟು ಮಾತಾಡಿತು. ಅತ್ತೆ "ಹ್ಞಾಂ, ಈಗ..." ಅನ್ನುವಷ್ಟರಲ್ಲಿ ಗುಡ್ಡದ ಮೇಲೆ ನೆಟ್‌ವರ್ಕ್ ಹೋಯಿತು. ಈಗ ಎಷ್ಟು? ಯಾರಿಗೂ ಧೈರ್ಯವಿಲ್ಲ. ಹೊರಗೆ ಜನ ತಟ್ಟೆ ಬಡಿಯುತ್ತಿದ್ದಾರೆ. ಆಗ ಎದ್ದರು ನೋಡಿ ನಮ್ಮ ಖಾತೆ ರಹಿತ ಮಾವ! ಒಂದೊಂದು ಟೇಬಲ್ಲಿನ ಮೇಲೆ ಒಂದೊಂದು ಬಟ್ಟಲು ಉಪ್ಪು ಇಟ್ಟು ಸಾರಿದರು: "ಇವತ್ತೊಂದಿನ ಉಪ್ಪಿನ ಖಾತಿ ಜನರ ಕೈಗೆ ಕೊಟ್ಟೀವ್ರಿ!"

ಜನ ಚಪ್ಪಾಳೆ ತಟ್ಟಿ ಉಂಡರು. ಸಂಜೆ ಬಂದ ಅತ್ತೆ ಮಾತ್ರ ಬಟ್ಟಲುಗಳನ್ನು ಒಂದೊಂದಾಗಿ ಎತ್ತಿ, "ನಾ ದೇವರಿಗೆ ಹೋದ್ರ ಸರಕಾರ ಬೀಳಿಸ್ತೀರಿ?" ಎಂದು ಮಾವನ ಫ್ಯಾನಿನ ಖಾತೆಯನ್ನೂ ಕಿತ್ತುಕೊಂಡರು.

ಹೋದ ವರ್ಷ ಅತ್ತೆಗೆ ಒಂದು ಕೆಟ್ಟ ಜ್ವರ ಬಂದು ಹೋಯಿತು. ಎದ್ದ ಮೇಲೆ ಮೊದಲಿನಂತೆಯೇ ಖಾನಾವಳಿಗೆ ಬಂದರು, ಮೊದಲಿನಂತೆಯೇ ಬೈದರು. ಸ್ವಲ್ಪ ಸೊರಗಿದ್ದರು, ಊಟ ಅರ್ಧ ರೊಟ್ಟಿಗೆ ಇಳಿದಿತ್ತು. "ವಯಸ್ಸಾತಲ್ಲ" ಅಂದರು. ನಾವೂ ನಂಬಿದೆವು.

ಒಂದು ಭಾನುವಾರ ನಾನು ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ ಹೋದೆ. ಅತ್ತೆ ಉಪ್ಪು ಹಾಕುವ ಹೊತ್ತು. ಸೆರಗು, ಹಬೆ, ಹಿಡಿ, ಅಂಗೈ, "ಹ್ಞಾಂ". ಎಲ್ಲ ಯಥಾಪ್ರಕಾರ ಮುಗಿಸಿ ಹೊರಗೆ ಹೋದರು. ಅವರು ಮರೆಯಾದದ್ದೇ ತಡ, ಕೊಟ್ರಮ್ಮ ಸಾರಿನ ರುಚಿ ನೋಡಿ ಮುಖ ಕಿವುಚಿದಳು. ಹನುಮಕ್ಕ ಜೋಳದ ಹಿಟ್ಟಿನ ಡಬ್ಬಿಯ ಹಿಂದಿನಿಂದ ಇನ್ನೊಂದು ಬೋಗುಣಿ ಎಳೆದಳು. ಅದರಲ್ಲಿ ಉಪ್ಪೇ ಇಲ್ಲದ ಸಾರು! ಇಬ್ಬರೂ ಅದನ್ನು ಸೌಟು ಸೌಟಾಗಿ ಬೆರೆಸುತ್ತಾ, ನೆಕ್ಕಿ ನೋಡುತ್ತಾ ಸರಿ ಮಾಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹನುಮಕ್ಕ ಹಿಟ್ಟಿನ ಬೆರಳನ್ನು ತುಟಿಯ ಮೇಲಿಟ್ಟಳು.

"ಸುಮ್ಮನಿರ್ರಿ ಟೀಚರಮ್ಮ. ಜ್ವರ ಬಂದಾಗಿಂದ ಅಮ್ಮಾರಿಗೆ ವಾಸನಿ ಇಲ್ಲ, ರುಚಿನೂ ಇಲ್ಲ. ಒಂದಿನ ಸಾರು ಉಪ್ಪಾಕ್ಕತಿ, ಒಂದಿನ ಸಪ್ಪಗಾಕ್ಕತಿ. ಹೇಳಿದ್ರ ಆಕಿ ಮನಸು ತಡಿಯಂಗಿಲ್ಲ."

ಹೊರಗೆ ಕಂಡಕ್ಟರ್ ಸಾರು ಸೊರ್ರನೆ ಹೀರಿ "ಏನ್ ಕೈರಿ ಅಮ್ಮಾರ ನಿಮ್ದು!" ಅನ್ನುವುದು ಕೇಳಿಸಿತು. ಅತ್ತೆ "ಹ್ಞಾಂ" ಅಂದರು. ಹಸಿದವನಿಗೆ ವಾಸನೆ ಸಾಕು ಅನ್ನುತ್ತಿದ್ದ ನಮ್ಮತ್ತೆಗೆ ಈಗ ತಮ್ಮ ಒಲೆಯ ವಾಸನೆಯೇ ಇಲ್ಲ! ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಉಪ್ಪು ಕೈ ಬಿಟ್ಟರೆ ಆ ಖಾನಾವಳಿಯಲ್ಲಿ ತಮ್ಮದೆಂದು ಏನುಳಿಯುತ್ತದೆ ಎಂಬ ಹೆದರಿಕೆ ಇತ್ತೇನೋ. ನಾನೂ ಆ ಗುಟ್ಟಿನ ಮಂತ್ರಿಮಂಡಲ ಸೇರಿ ಬಾಯಿ ಮುಚ್ಚಿಕೊಂಡೆ.

ಮೊನ್ನೆ ಬೇಸಿಗೆ ರಜೆಯಲ್ಲಿ ಕೊಟ್ರಮ್ಮ ಮಗಳ ಹೆರಿಗೆಗೆಂದು ಕೂಡ್ಲಿಗಿಗೆ ಹೋಗಿದ್ದಳು. ಕೈಜೋಡಿಸಲು ನಾನು ಹೋದೆ. ಅತ್ತೆ ಒಲೆಯ ಹತ್ತಿರ ಬಂದರು. ಸೆರಗು ಸಿಕ್ಕಿಸಿದರು, ಹಿಡಿ ತುಂಬ ಉಪ್ಪು ತೆಗೆದರು, ಕೈ ಎತ್ತಿದರು. ಎತ್ತಿದ ಕೈ ಹಾಗೆಯೇ ನಿಂತಿತು. ಹನುಮಕ್ಕನ ರೊಟ್ಟಿ ಬಡಿಯುವ ಸದ್ದೂ ನಿಂತಿತು.

"ಹನುಮಕ್ಕ, ಹಿಟ್ಟಿನ ಡಬ್ಬಿ ಹಿಂದಿರೋ ಬೋಗುಣಿ ಈಚಿಗೆ ತಗದಿಡು. ಕದ್ದುಮುಚ್ಚಿ ಮಾಡೂದು ಸಾಕು."

ಹನುಮಕ್ಕ ನನ್ನ ಮುಖ ನೋಡಿದಳು, ನಾನು ಬೋಗುಣಿಯ ಮುಖ ನೋಡಿದೆ.

"ನನ್ ನಾಲಿಗಿ ಹೋಗೇತಿ" ಅಂದರು ಅತ್ತೆ. "ಕಣ್ಣೇನು ಹೋಗಿಲ್ಲ."

ಆಮೇಲೆ ಹಿಡಿಯಲ್ಲಿದ್ದ ಉಪ್ಪನ್ನು ತಿರುಗಿ ಡಬ್ಬಿಗೆ ಹಾಕಿ, ಡಬ್ಬಿಯನ್ನು ಹನುಮಕ್ಕನ ಕಡೆ ಸರಿಸಿದರು. ಸರಿಸಿದ ಬೆರಳು ಡಬ್ಬಿಯ ಅಂಚು ಬಿಟ್ಟಿರಲಿಲ್ಲ. ಹನುಮಕ್ಕ ಎದ್ದು ಬಂದು ಡಬ್ಬಿಯನ್ನು ತಿರುಗಿ ಅವರ ಕಡೆಗೇ ತಳ್ಳಿದಳು.

"ಕೈ ನಿಮ್ದ ಇರ್ಲಿರಿ ಅಮ್ಮಾರ. ನಾಲಿಗಿ ನಂದು."

ಅತ್ತೆ ಸ್ವಲ್ಪ ಉಪ್ಪು ಉದುರಿಸಿದರು. ಸೌಟಿನಿಂದ ಒಂದು ಹನಿ ಸಾರನ್ನು ಈ ಸಲ ಹನುಮಕ್ಕನ ಅಂಗೈಗೆ ಬಿಟ್ಟರು. ಅವಳು ನೆಕ್ಕುವವರೆಗೆ ಅವಳ ಮುಖವನ್ನೇ ನೋಡುತ್ತಾ ನಿಂತರು. ಉಪ್ಪಿನ ವಿಷಯದಲ್ಲಿ ಯಾರನ್ನೂ ಎಂದೂ ಏನೂ ಕೇಳದ ನಮ್ಮತ್ತೆ ಕೇಳಿದರು: "ಸಾಕೇನ?"

"ಇನ್ನೊಂದೀಟು" ಅಂದಳು ಹನುಮಕ್ಕ. ಅತ್ತೆ ಹಾಕಿದರು. ಅವಳು ಮತ್ತೆ ನೆಕ್ಕಿ, ಕಣ್ಣು ಒರೆಸಿಕೊಂಡು, "ಹ್ಞಾಂ" ಅಂದಳು. ಆಗ ಸಾರು ಹೊರಗೆ ಹೋಯಿತು.

ಮಧ್ಯಾಹ್ನ ಎಲ್ಲರೂ ಉಂಡು ಹೋದ ಮೇಲೆ ನಾವು ಕೂತೆವು. ಮಾವ ಕೇಳದೆಯೇ ಫ್ಯಾನು ಹಾಕಿದರು, ಅತ್ತೆ ಬೈಯಲಿಲ್ಲ. ತಮ್ಮ ಅನ್ನಕ್ಕೆ ಸಾರು ಕಲಸಿಕೊಂಡು ಅತ್ತೆ ನನ್ನ ಮೊದಲ ತುತ್ತು ಇಳಿಯುವವರೆಗೆ ಕಾದರು.

"ಹೆಂಗೈತಿ ಹೇಳು."

ನಾಯಕತ್ವದ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ ನನಗೆ ಸಾರಿನ ರುಚಿ ಹೇಳಲು ಒಂದೊಂದೇ ಮಾತು ಹುಡುಕಬೇಕಾಯಿತು. ಕಷ್ಟಪಟ್ಟು ಹೇಳಿದೆ: "ಹುಳಿ ಮುಂದ ಬರ್ತೈತಿ ಅತ್ತೀ. ಆಮ್ಯಾಲ ಖಾರ. ಬೆಳ್ಳುಳ್ಳಿ ಘಮ ಐತಿ. ಉಪ್ಪು ಥೇಟ್ ನೀ ಹಾಕಿದಂಗ ಐತಿ."

ಅತ್ತೆ ಕಣ್ಣು ಮುಚ್ಚಿ ಒಂದು ತುತ್ತು ಉಂಡರು. ನಿಧಾನಕ್ಕೆ ಅಗಿದರು. ಆಮೇಲೆ ತಟ್ಟೆಯನ್ನು ಹನುಮಕ್ಕನ ಕಡೆ ಸರಿಸಿದರು.

"ಹಂಗಂದ್ರ ಇನ್ನೊಂದು ಸೌಟು ಹಾಕು."