ಕ್ಯಾಲೆಂಡರಿನ ಊರಿನ ಆಲೂಗಡ್ಡೆ

ಬೆಂಕಿಯ ಕೆಲಸ ಮಾಡುವವನಿಗೆ ಅಡುಗೆಮನೆಯಲ್ಲಿ ಮರ್ಯಾದೆ ಸಿಗುವುದಿಲ್ಲ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಫರ್ನೇಸ್ ವಿಭಾಗದ ಸೂಪರ್‌ವೈಸರ್. ಗೇರ್‌ಗಳನ್ನು ಕೆಂಡದ ಬಣ್ಣ ಬರುವವರೆಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಅವುಗಳ ಮೈ ಗಟ್ಟಿ ಮಾಡಿ ಕಳಿಸುವುದು ನಮ್ಮ ಕಸುಬು. ಹೊರಗೆ ಗಟ್ಟಿ, ಒಳಗೆ ಮೆದು, ಹಾಗಿದ್ದರೇ ಗೇರ್ ಬಾಳುತ್ತದೆ. ಪೂರ್ತಿ ಗಟ್ಟಿಯಾದರೆ ಒಡೆದು ಹೋಗುತ್ತದೆ. ಇಷ್ಟೆಲ್ಲ ಬಲ್ಲ ಮನುಷ್ಯ ಮನೆಯಲ್ಲಿ ಹಾಲು ಕಾಯಿಸಲು ನಿಂತರೆ ಅದು ಉಕ್ಕಿ ಕಟ್ಟೆಯೆಲ್ಲ ಹರಿಯುತ್ತದೆ. "ಅಲ್ಲಿ ಅದೇನು ಕಾಯಿಸ್ತೀರೋ, ಆ ದೇವರಿಗೇ ಗೊತ್ತು" ಎನ್ನುತ್ತಾ ನನ್ನ ಹೆಂಡತಿ ಸುಶೀಲ ಒಲೆ ಒರೆಸುತ್ತಾಳೆ. ನಾನು ಪೇಪರ್ ಹಿಡಿದುಕೊಂಡು ಹಾಲ್‌ಗೆ ಬರುತ್ತೇನೆ.

ನಮ್ಮದು ಟಿ. ದಾಸರಹಳ್ಳಿಯಲ್ಲಿ ಎರಡನೇ ಮಹಡಿಯ ಮನೆ. ಮಗಳು ಮದುವೆಯಾಗಿ ಹೋದ ಮೇಲೆ ನಾವಿಬ್ಬರೇ. ಕಾರ್ಖಾನೆಗೆ ಬೇರಿಂಗ್ ಮಾರುವವರು ಒಂದು ವರ್ಷ ಒಳ್ಳೆಯ ಕ್ಯಾಲೆಂಡರ್ ಕೊಟ್ಟಿದ್ದರು. ಮೇಲೆ ಗ್ರೀಸ್ ದೇಶದ ಯಾವುದೋ ದ್ವೀಪದ ದೊಡ್ಡ ಚಿತ್ರ, ಕೆಳಗೆ ತಿಂಗಳ ಹಾಳೆಗಳು. ಬೆಳ್ಳನೆಯ ಮನೆಗಳು, ನೀಲಿ ಬಾಗಿಲುಗಳು, ಅವುಗಳಾಚೆ ಸಮುದ್ರ. ಬೇರಿಂಗಿಗೂ ಸಮುದ್ರಕ್ಕೂ ಏನು ನಂಟೋ ನನಗೆ ತಿಳಿಯದು. ಸುಶೀಲ ಅದನ್ನು ಗ್ಯಾಸ್ ಒಲೆಯ ಪಕ್ಕದ ಗೋಡೆಗೆ ನೇತುಹಾಕಿದಳು. ವರ್ಷ ಮುಗಿದು ಹಾಳೆಗಳೆಲ್ಲ ಹರಿದುಹೋದ ಮೇಲೂ ಚಿತ್ರ ಮಾತ್ರ ಉಳಿಯಿತು. ತೆಗೆಯಲು ಹೋದರೆ "ಇರ್ಲಿ ಬಿಡ್ರೀ, ನಿಮಗೇನು ತೊಂದ್ರೆ ಮಾಡ್ತಿದೆ ಅದು?" ಎಂದಳು. ಕುಕ್ಕರ್ ಕೂಗುವುದನ್ನು ಕಾಯುತ್ತಾ ಅವಳು ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಚಿತ್ರ ನೋಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಒಂದು ದಿನ ನನಗೆ ಹೇಳಿದಳೋ ಗೋಡೆಗೆ ಹೇಳಿದಳೋ, "ಅಲ್ಲಿಯವರು ಏನು ತಿಂತಾರೋ" ಎಂದಳು.

ಸುಶೀಲ ಏನನ್ನೂ ಕೇಳುವವರ ಪೈಕಿಯಲ್ಲ. ಸೀರೆ ಕೊಡಿಸುತ್ತೇನೆಂದರೆ ಇರುವುದನ್ನೇ ಉಟ್ಟು ಮುಗಿಸಬೇಕು ಅನ್ನುತ್ತಾಳೆ. ಒಮ್ಮೆ ಗೋಕರ್ಣಕ್ಕೆ ನಮ್ಮ ಬಳಗವೆಲ್ಲ ವ್ಯಾನು ಮಾಡಿಕೊಂಡು ಹೋಗಿದ್ದೆವು. ನಾವೆಲ್ಲ ಸಮುದ್ರಕ್ಕಿಳಿದು ಚೀರಾಡುತ್ತಿದ್ದರೆ ಇವಳು ದಡದಲ್ಲಿ ನಮ್ಮ ಚಪ್ಪಲಿ, ಬ್ಯಾಗು, ಅತ್ತಿಗೆಯ ಸರ ಎಲ್ಲವನ್ನೂ ಕಾಯುತ್ತಾ ನಿಂತಿದ್ದಳು. ಕಾಲು ಒದ್ದೆ ಮಾಡಿಕೊಂಡಳೋ ಇಲ್ಲವೋ ಎಂದು ನಾನು ಕೇಳಿದ ನೆನಪೂ ಇಲ್ಲ. ಅಂಥವಳ ಬಾಯಿಂದ ಒಂದು ಆಸೆ ಹೊರಬಿತ್ತಲ್ಲ ಎಂದು ನನಗೆ ಒಳಗೊಳಗೇ ಸಂಕಟವೂ ಸಂತೋಷವೂ ಒಟ್ಟಿಗೇ ಆದವು. ಗ್ರೀಸಿಗೆ ಕರೆದುಕೊಂಡು ಹೋಗುವುದು ನನ್ನಿಂದ ಆಗದ ಮಾತು. ಆದರೆ ಅಲ್ಲಿಯ ತಿಂಡಿ? ಒಂದೇ ಒಂದು ಸಂಜೆ ಅವಳನ್ನು ಆ ಊರಿನಲ್ಲಿ ಕೂರಿಸಿಬಿಡಬೇಕು ಎಂದು ತೀರ್ಮಾನಿಸಿದೆ.

ನಮ್ಮ ಕಾರ್ಖಾನೆಯ ಲ್ಯಾಬಿನ ಶೈಲಜಾ ಇಂಟರ್‌ನೆಟ್ಟಿನಲ್ಲಿ ಹುಡುಕಿಕೊಟ್ಟಳು. "ತುಂಬಾ ಸಿಂಪಲ್ ಸಾರ್. ಆಲೂಗಡ್ಡೆ ಉದ್ದಕ್ಕೆ ಕಟ್ ಮಾಡಿ, ಆಲಿವ್ ಆಯಿಲ್, ಬೆಳ್ಳುಳ್ಳಿ, ನಿಂಬೆರಸ, ಆರೆಗಾನೋ ಹಾಕಿ ಓವನ್‌ನಲ್ಲಿ ಇಡೋದು. ಅರ್ಧ ಆದಾಗ ತೆಗೆದು ತಿರುಗಿಸ್ಬೇಕು. ಔಟ್‌ಸೈಡ್ ಗರಿಗರಿ, ಇನ್‌ಸೈಡ್ ಸಾಫ್ಟ್ ಬಂದ್ರೆ ಮುಗೀತು." ನಾನು ಕುರ್ಚಿಯಿಂದ ಎದ್ದೇ ನಿಂತೆ. ಹೊರಗೆ ಗಟ್ಟಿ, ಒಳಗೆ ಮೆದು! ಇಷ್ಟು ವರ್ಷ ನಾನು ಮಾಡಿಕೊಂಡು ಬಂದದ್ದು ಇನ್ನೇನು? ಗ್ರೀಸಿನವರು ಆಲೂಗಡ್ಡೆಗೆ ಮಾಡುವುದನ್ನು ನಾವು ಉಕ್ಕಿಗೆ ಮಾಡುತ್ತಿದ್ದೆವು, ಅಷ್ಟೇ. ಫರ್ನೇಸ್ ಮುಂದೆ ಕೆಲಸ ಮಾಡುವ ಬಾಗಲಕೋಟೆ ಕಡೆಯ ಬಸವರಾಜನಿಗೆ ಈ ಸಂಗತಿ ವಿವರಿಸಿದೆ. ಅವನು ಬೆವರು ಒರೆಸಿಕೊಂಡು, "ಆಲೂಗಡ್ಡಿಗೆ ಇಷ್ಟ್ಯಾಕ ತಲಿ ಕೆಡಿಸ್ಕೊಂತೀರಿ ಸಾಹೇಬ್ರ? ಕಾದ ಎಣ್ಯಾಗ ಬಿಡ್ರಿ, ತಾನ ಆಕ್ಕೈತಿ" ಎಂದ. ದ್ವೀಪದ ಕನಸು ಅವನಿಗೆ ಹೇಗೆ ತಿಳಿಯಬೇಕು ಎಂದುಕೊಂಡೆ.

ಓವನ್ ನಮ್ಮ ಮನೆಯಲ್ಲಿ ಇತ್ತು. ಕಾರ್ಖಾನೆಯವರು ದೀರ್ಘ ಸೇವೆಗೆಂದು ಹಾರ ಹಾಕಿ ಕೊಟ್ಟದ್ದು. ಸುಶೀಲ ಅದಕ್ಕೊಂದು ಕ್ರೋಶಾ ಹೊದಿಕೆ ಹೆಣೆದು, ಒಳಗೆ ಹಪ್ಪಳ ಸಂಡಿಗೆಯ ಡಬ್ಬಗಳನ್ನು ಇಟ್ಟಿದ್ದಳು. ಇರುವೆ ನುಗ್ಗದ ಅಷ್ಟು ಒಳ್ಳೆಯ ಬೀರು ಇನ್ನೊಂದಿಲ್ಲ ಎಂದು ಅವಳ ಅಭಿಪ್ರಾಯ. ಆರೆಗಾನೋ ಕೂಡ ಇತ್ತು. ಮಗಳು ಬಂದಾಗಲೆಲ್ಲ ತರಿಸುವ ಪಿಜ್ಜಾದ ಜೊತೆ ಬರುವ ಸಣ್ಣ ಸಣ್ಣ ಪೊಟ್ಟಣಗಳನ್ನು ಬಿಸಾಡಲು ಮನಸ್ಸಾಗದೆ ಫ್ರಿಜ್ಜಿನ ಮೊಟ್ಟೆಯ ಗುಳಿಗಳಲ್ಲಿ ತುಂಬಿಟ್ಟಿದ್ದೆವು. ಮೊಟ್ಟೆ ತಿನ್ನದವರ ಮನೆಯಲ್ಲಿ ಆ ಗುಳಿಗಳಿಗೆ ಬೇರೆ ಕೆಲಸವೂ ಇರಲಿಲ್ಲ. ಇನ್ನು ಆಲಿವ್ ಎಣ್ಣೆ. ಅದು ನಾನು ಕಂಡಿದ್ದುದು ಮೆಡಿಕಲ್ ಶಾಪಿನಲ್ಲಿ ಮಾತ್ರ. ಅಲ್ಲಿ ಕೇಳಿದರೆ ಅಂಗಡಿಯವನು ನನ್ನ ನರೆತ ತಲೆ ನೋಡಿ, ಮೃದುವಾಗಿ, "ಮೊಮ್ಮಗೂಗೆ ಎಷ್ಟು ತಿಂಗಳು ಸಾರ್?" ಎಂದ. ಆಲೂಗಡ್ಡೆಗೆ ಎಂದೆ. ಅವನು ಬಾಟಲಿಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡು, "ಇದು ಮೈಗೆ ಹಚ್ಚೋದು ಸಾರ್, ಹೊಟ್ಟೆಗಲ್ಲ" ಎಂದ. ಕೊನೆಗೆ ಕಡಲೆಕಾಯಿ ಎಣ್ಣೆಯೇ ಗತಿಯಾಯಿತು.

ಭಾನುವಾರ ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಾಲ್ಕನಿಯಲ್ಲಿ ಒಂದು ಕುರ್ಚಿ ಹಾಕಿ, "ಇವತ್ತು ನೀನು ಅಡುಗೆಮನೆಗೆ ಕಾಲಿಡಕೂಡದು, ಇಲ್ಲಿ ಕೂತಿರು" ಎಂದೆ. ಅವಳು ಕುರ್ಚಿಯ ತುದಿಯಲ್ಲಿ ಬಸ್ಸು ಬಂದರೆ ಏಳಬೇಕಾದವಳಂತೆ ಕೂತಳು. "ಉಪ್ಪಿನ ಡಬ್ಬ ಎಡಗಡೆ ಇದೆ ಕಣ್ರೀ. ಸಣ್ಣ ಚಾಕು ತಗೊಳ್ಳಿ, ದೊಡ್ಡದು ಮೊಂಡು. ಬೆಳ್ಳುಳ್ಳಿ ಸಿಪ್ಪೆ ಸಿಂಕಿಗೆ ಹಾಕ್ಬೇಡಿ" ಎಂದು ಅಲ್ಲಿಂದಲೇ ಇಡೀ ಅಡುಗೆ ನಡೆಸತೊಡಗಿದಳು. ನಾನು ಓವನ್ನನ್ನು ಚೆನ್ನಾಗಿ ಕಾಯಲು ಬಿಟ್ಟು, ಆಲೂಗಡ್ಡೆಯನ್ನು ಗೇರ್‌ಗಳಂತೆ ಸಾಲಾಗಿ ಜೋಡಿಸಿ, ಬಾಗಿಲು ಹಾಕಿದೆ. ಅರ್ಧದಲ್ಲಿ ತೆಗೆದು ತಿರುಗಿಸುವ ಮಾತನ್ನು ಮಾತ್ರ ನನ್ನ ಕೈ ಒಪ್ಪಲಿಲ್ಲ. ಕೆಲಸ ನಡೆಯುವಾಗ ಫರ್ನೇಸ್ ಬಾಗಿಲು ತೆಗೆದವನನ್ನು ನಾನೇ ಎಷ್ಟು ಸಲ ಬೈದಿಲ್ಲ! ಗೊತ್ತಿದ್ದೂ ಶೈಲಜಾಳ ಮಾತು ಮೀರಿ, ಬಾಗಿಲು ಮುಟ್ಟದೆ ಗಾಜಿನೊಳಗೆ ನೋಡುತ್ತಾ ನಿಂತೆ. ಅಷ್ಟರಲ್ಲಿ ಕರೆಂಟ್ ಹೋಯಿತು.

ಕರೆಂಟ್ ಹೋದರೆ ನಮ್ಮ ಬೀದಿಯ ಸದ್ದುಗಳು ಒಂದೊಂದಾಗಿ ಅಡಗುತ್ತವೆ. ಕೆಳಗಿನ ಹಿಟ್ಟಿನ ಗಿರಣಿ ನಿಂತಿತು, ಪಕ್ಕದ ಮನೆಯ ಟಿವಿ ನಿಂತಿತು, ನಮ್ಮ ಫ್ಯಾನು ಎರಡು ಸುತ್ತು ಹೆಚ್ಚಿಗೆ ತಿರುಗಿ ನಿಂತಿತು. ಕರೆಂಟ್ ಹೋದಾಗಲಂತೂ ಫರ್ನೇಸ್ ಬಾಗಿಲು ತೆಗೆಯುವಂತೆಯೇ ಇಲ್ಲ, ಒಳಗಿನ ಬಿಸಿಯಲ್ಲಿ ಮಾಲು ನೆನೆಯುತ್ತಿರಬೇಕು. ಹಾಗಾಗಿ ಮಾಡಲು ಏನೂ ಉಳಿಯದೆ ಇನ್ನೊಂದು ಕುರ್ಚಿ ತಂದು ಅವಳ ಪಕ್ಕ ಕೂತೆ. ನಿಂಬೆಹಣ್ಣು, ಬೆಳ್ಳುಳ್ಳಿಯ ವಾಸನೆ ನನ್ನ ಹಿಂದೆಯೇ ಬಾಲ್ಕನಿಗೆ ಬಂತು. ದೂರದಲ್ಲಿ ತುಮಕೂರು ರಸ್ತೆಯ ಮೇಲೆ ಮೆಟ್ರೋಗೆಂದು ಎಬ್ಬಿಸಿದ ಕಂಬಗಳು ತಲೆಯ ಮೇಲೆ ಏನೂ ಹೊರದೆ ಸುಮ್ಮನೆ ನಿಂತಿದ್ದವು. ರಸ್ತೆಯ ಧೂಳು ಇಳಿಬಿಸಿಲಿನಲ್ಲಿ ಹೊನ್ನಿನ ಬಣ್ಣಕ್ಕೆ ತಿರುಗಿತ್ತು. ಎದುರಿನ ಖಾಲಿ ಸೈಟಿನಲ್ಲಿ ಕಟ್ಟಡ ಕೆಲಸದವರ ಗುಡಿಸಲುಗಳ ಮೇಲೆ ಹೊದಿಸಿದ ನೀಲಿ ಟಾರ್ಪಾಲು ಗಾಳಿಗೆ ಏಳುತ್ತಾ ಬೀಳುತ್ತಾ ಇತ್ತು. "ಕಣ್ಣು ಅರ್ಧ ಮುಚ್ಚಿ ಆ ನೀಲಿ ನೋಡು" ಎಂದೆ. ಅವಳು ನೋಡಿದಳು. ನಾನೂ ನೋಡಿದೆ. ಅಲೆಗಳು ಬಂದು ಬಂದು ಹೋಗುತ್ತಿದ್ದವು. ಯಾರಿಗೂ ಯಾವ ಅವಸರವೂ ಇರಲಿಲ್ಲ.

"ಸಮುದ್ರ ಕಾಣ್ತಾ?" ಎಂದೆ, ಮೆಲ್ಲಗೆ.

"ಸಮುದ್ರ ತಗೊಂಡು ನಾನೇನ್ರೀ ಮಾಡ್ಲಿ?" ಎಂದಳು. "ಕ್ಯಾಲೆಂಡರಿನಲ್ಲಿ ನಾನು ನೋಡೋದು ಆ ಹೆಂಗಸನ್ನ."

"ಯಾವ ಹೆಂಗಸು?"

ಎದ್ದು ಹೋಗಿ ನೋಡಿದೆ. ಚಿತ್ರದ ಮೂಲೆಯಲ್ಲಿ ಒಂದು ನೀಲಿ ಬಾಗಿಲ ಪಕ್ಕ, ಕಪ್ಪು ಬಟ್ಟೆಯ ವಯಸ್ಸಾದ ಹೆಂಗಸೊಬ್ಬಳು ಕುರ್ಚಿ ಹಾಕಿಕೊಂಡು ಕೂತಿದ್ದಳು. ಎರಡೂ ಕೈ ಮಡಿಲಲ್ಲಿ. ಬಿಡಿಸುವ ಅವರೆಕಾಯಿಯಿಲ್ಲ, ಆರಿಸುವ ಅಕ್ಕಿಯಿಲ್ಲ, ಏನೂ ಇಲ್ಲ. ಇಷ್ಟು ಕಾಲ ಅವಳು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಬಾಲ್ಕನಿಯಿಂದ ಸುಶೀಲಳ ದನಿ ಬಂತು. ಅದರಲ್ಲಿ ದೂರು ಇರಲಿಲ್ಲ, ಬರೀ ಬೆರಗು. "ನಾನು ಬೆಳಗ್ಗೆ ಕಾಫಿಗೆ ನೀರಿಡೋವಾಗ್ಲೂ ಕೂತಿರ್ತಾಳೆ, ರಾತ್ರಿ ಪಾತ್ರೆ ತೊಳೆದು ಲೈಟ್ ಆರಿಸೋವಾಗ್ಲೂ ಕೂತಿರ್ತಾಳೆ. ಒಂದು ದಿನಾನೂ ಎದ್ದಿಲ್ಲ ಕಣ್ರೀ. ಇವಳು ಏಳ್ದೇ ಇದ್ರೆ ಮನೆಯವರೆಲ್ಲ ಏನು ತಿಂತಾರೋ ಅಂತ ನನಗೆ ಯೋಚನೆ."

ನನಗೆ ನಗು ಬಂತು, ಅದರ ಬೆನ್ನಿಗೇ ನಾಚಿಕೆಯೂ ಆಯಿತು. ನಾನು ಬಾಲ್ಕನಿಗೆ ಮರಳುವಷ್ಟರಲ್ಲಿ ಕರೆಂಟ್ ಬಂತು, ಗಿರಣಿ ಗುಡುಗತೊಡಗಿತು. ಅಭ್ಯಾಸಬಲದಿಂದ ಸುಶೀಲ ಏಳಲು ಕೈಯೂರಿದಳು. ಏನನ್ನಿಸಿತೋ, ಮತ್ತೆ ಕೂತು ಬೆನ್ನನ್ನು ಕುರ್ಚಿಗೆ ಆನಿಸಿ, "ನೀವೇ ತನ್ನಿ" ಎಂದಳು.

ಓವನ್ ಬಾಗಿಲು ತೆಗೆದೆ. ಕೆಳಭಾಗ ಓವನ್ನಿನ ಟ್ರೇಗೆ ಕಚ್ಚಿಕೊಂಡಿತ್ತು, ಮೇಲ್ಭಾಗ ತನ್ನ ಹಬೆಯಲ್ಲಿ ತಾನೇ ಬೆಂದು ಮುದ್ದೆಯಾಗಿತ್ತು, ದಪ್ಪ ಹೋಳುಗಳ ಒಳಭಾಗ ಇನ್ನೂ ಹಸಿ. ಹೊರಗೆ ಮೆದು, ಒಳಗೆ ಗಟ್ಟಿ. ಕಾರ್ಖಾನೆಯಲ್ಲಾಗಿದ್ದರೆ ಇಡೀ ಮಾಲನ್ನು ನಾನೇ ಸ್ಕ್ರ್ಯಾಪಿಗೆ ಹಾಕಿಸುತ್ತಿದ್ದೆ. ಬೆಂದದ್ದನ್ನಷ್ಟು ಕೆರೆದು ತಟ್ಟೆಗೆ ಹಾಕಿ, ಮೇಲೊಂದಿಷ್ಟು ನಿಂಬೆರಸ ಹಿಂಡಿ ತಂದುಕೊಟ್ಟೆ. ಅವಳು ಬಾಯಿಗೆ ಹಾಕಿಕೊಂಡು, ಉಸ್ಸೆಂದು ಬಾಯಿ ತೆರೆದು, ಕಣ್ಣರಳಿಸಿ, "ಬಿಸಿ ಇದೆ ಕಣ್ರೀ!" ಎಂದಳು. ರುಚಿ ಹೇಗಿದೆ ಎಂದು ಕೇಳಿದೆ. "ಬಿಸಿಯಾಗಿದೆ" ಎಂದೇ ಮತ್ತೆ ಹೇಳಿ, ತಟ್ಟೆ ಖಾಲಿ ಮಾಡಿದಳು. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವಳಿಗೆ ಬಿಸಿಯೇ ಒಂದು ರುಚಿ ಎಂಬುದು ನನಗೆ ಆಗ ಹೊಳೆಯಿತು. ಆಮೇಲೆ ಟ್ರೇಗೆ ಕಚ್ಚಿದ್ದನ್ನು ನಾನು ಕತ್ತಲಾಗುವವರೆಗೆ ಉಜ್ಜಿದೆ.

ಒಂದು ಸಂಜೆಯ ಮಟ್ಟಿಗೆ ಅವಳನ್ನು ಆ ಊರಿಗೆ ಕಳಿಸಬೇಕೆಂದು ಹೊರಟವನು ನಾನು. ವಾಪಸ್ಸು ಕರೆತರುವ ಏರ್ಪಾಡು ಮಾಡಿಕೊಂಡಿರಲಿಲ್ಲ. ಈಗ ಪ್ರತಿ ಭಾನುವಾರ ಮಧ್ಯಾಹ್ನ ಇಳಿಯುತ್ತಿದ್ದಂತೆ ಅವಳೇ ಕುರ್ಚಿಯನ್ನು ಬಾಲ್ಕನಿಗೆ ಎಳೆದುಕೊಂಡು ಹೋಗಿ, ಬೆನ್ನು ಆನಿಸಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂರುತ್ತಾಳೆ. ಎದುರು ಸೈಟಿನ ನೀಲಿ ಟಾರ್ಪಾಲು ಗಾಳಿಗೆ ಏಳುತ್ತದೆ, ಬೀಳುತ್ತದೆ. ಹಪ್ಪಳದ ಡಬ್ಬಗಳು ಓವನ್ನಿಗೆ ಮರಳಿವೆ, ನಾನು ಉಪ್ಪಿಟ್ಟಿನ ಮಟ್ಟಕ್ಕೆ ಇಳಿದಿದ್ದೇನೆ. ಎಣ್ಣೆ ಹೊಗೆಯಾಡುತ್ತಿರುವಾಗ, "ಸುಶೀಲಾ, ಸಾಸಿವೆ ಡಬ್ಬ ಎಲ್ಲೇ?" ಎಂದು ಗಾಬರಿಯಿಂದ ಕೂಗುತ್ತೇನೆ. ಗ್ರೀಸಿನಿಂದ ಉತ್ತರ ಬರುವುದಿಲ್ಲ.